ಕಡತದಲ್ಲಿ ಕಾಣದ ಕಿರುಕುಳ

ಕಡೂರು, ತರೀಕೆರೆ, ಅಜ್ಜಂಪುರಗಳ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತನಾಗಿ ಬಹುಕಾಲ ದುಡಿದ ನನಗೆ ಒಂದು ಸಂಗತಿ ಮನದಟ್ಟಾಗಿದೆ. ಕೈಕೆಳಗಿನವರನ್ನು ಕುಗ್ಗಿಸಲು ಮೇಲಧಿಕಾರಿ ದನಿ ಏರಿಸಬೇಕಾಗಿಯೇ ಇಲ್ಲ, ನಿಯಮಗಳೇ ಸಾಕು. ಹಕ್ಕಿನ ರಜೆಯ ಅರ್ಜಿಯನ್ನು ವಾರಗಟ್ಟಲೆ ಮುಟ್ಟದಿರುವುದು, ಕಚೇರಿ ವೇಳೆ ಮುಗಿದ ಮೇಲೆ ಕಡತ ಕೇಳುವುದು, ಸಾರ್ವಜನಿಕರ ಎದುರಿಗೆ ಛೀಮಾರಿ ಹಾಕುವುದು, ಅಕ್ಷರದೋಷಕ್ಕೂ ಕಾರಣ ಕೇಳಿ ನೋಟಿಸು ನೀಡುವುದು. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಹೆಚ್ಚಿನವು ಆಡಳಿತ ಕ್ರಮಗಳಂತೆಯೇ ತೋರುತ್ತವೆ. ಒಬ್ಬರ ಮೇಲೆಯೇ ತಿಂಗಳುಗಟ್ಟಲೆ ಎರಗಿದಾಗ ಅವು ಕಿರುಕುಳವಾಗುತ್ತವೆ.

ಲೆಕ್ಕಪತ್ರದಲ್ಲಿ ಎಂದೂ ಎಡವದಿದ್ದ ಸಹೋದ್ಯೋಗಿಯೊಬ್ಬರು ಹೀಗೆ ಸೊರಗಿದ್ದನ್ನು ಕಂಡಿದ್ದೇನೆ. ಮೊದಲು ನಿದ್ದೆ ಹೋಯಿತು, ಬಳಿಕ ರಕ್ತದೊತ್ತಡ ಏರಿತು, ಕೊನೆಗೆ ಕೂಡುವ ಲೆಕ್ಕವೂ ತಪ್ಪತೊಡಗಿತು. ಆ ತಪ್ಪುಗಳೇ ಮುಂದಿನ ನೋಟಿಸಿಗೆ ಆಧಾರವಾದವು. ಕಿರುಕುಳವು ತನಗೆ ಬೇಕಾದ ಸಾಕ್ಷ್ಯವನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಅವರು ಸೇವಾವಧಿ ಉಳಿದಿರುವಾಗಲೇ ಸ್ವಯಂ ನಿವೃತ್ತಿ ಪಡೆದರು. ಕಡತದಲ್ಲಿ ಉಳಿದದ್ದು ‘ವೈಯಕ್ತಿಕ ಕಾರಣ’ ಎಂಬ ಎರಡೇ ಪದ.

ಸಣ್ಣ ಊರಿನಲ್ಲಿ ಈ ನೋವು ಇಮ್ಮಡಿ. ಕಚೇರಿಯಲ್ಲಾದ ಅವಮಾನ ಸಂಜೆಯೊಳಗೆ ಸಂತೆಬೀದಿ ತಲುಪುತ್ತದೆ. ಖಾಸಗಿ ಶಾಲೆ, ಅಂಗಡಿಗಳಲ್ಲಿ ದುಡಿಯುವವರಿಗಂತೂ ಬಿಟ್ಟುಹೋಗಲು ಇನ್ನೊಂದು ಕೆಲಸವೂ ಸುಲಭವಾಗಿ ಸಿಗದು. ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಅಜ್ಜಂಪುರ ಈಗ ಸ್ವತಂತ್ರ ತಾಲ್ಲೂಕು. ಆಡಳಿತ ಜನರಿಗೆ ಹತ್ತಿರವಾಯಿತು. ಆದರೆ ನೊಂದ ನೌಕರನ ಮನವಿ ಇಂದಿಗೂ ‘ಸೂಕ್ತ ಮಾರ್ಗ’ದಲ್ಲಿ, ಎಂದರೆ ದೂರಿಗೆ ಗುರಿಯಾದ ಅಧಿಕಾರಿಯ ಮೇಜಿನ ಮೂಲಕವೇ, ಸಾಗಬೇಕು.

ಲೈಂಗಿಕ ಕಿರುಕುಳದ ವಿಷಯದಲ್ಲಿ ದೇಶ ಈ ತೊಡಕನ್ನು ಗುರುತಿಸಿದೆ. 1997ರ ವಿಶಾಖಾ ತೀರ್ಪು ಹಾಗೂ 2013ರ ಕಾಯಿದೆಯ ಫಲವಾಗಿ, ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಹೊರಗಿನ ಸದಸ್ಯರನ್ನೊಳಗೊಂಡ ಆಂತರಿಕ ಸಮಿತಿ ಕಡ್ಡಾಯ. ಸಣ್ಣ ಸಂಸ್ಥೆಗಳವರಿಗೆ ಜಿಲ್ಲಾಮಟ್ಟದ ಸ್ಥಳೀಯ ಸಮಿತಿಯಿದೆ. ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯಿದೆ ಅನ್ವಯಿಸುತ್ತದೆ. ಇವೆರಡರಾಚೆಯ ದಿನನಿತ್ಯದ ಪೀಡನೆಗೆ ಪ್ರತ್ಯೇಕ ಕಾನೂನಿಲ್ಲ. ಸ್ವೀಡನ್ 1993ರಲ್ಲೇ ಇದಕ್ಕೆ ನಿಯಮ ರೂಪಿಸಿತು. 2019ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗೀಕರಿಸಿದ 190ನೇ ಒಡಂಬಡಿಕೆಯು ಮಾನಸಿಕ ಹಾನಿಯನ್ನೂ ಹಿಂಸೆಯ ವ್ಯಾಪ್ತಿಗೆ ತಂದಿತು.

ಶಿಸ್ತು ಬೇಡವೆಂದು ಯಾರೂ ಹೇಳುತ್ತಿಲ್ಲ. ತಪ್ಪು ಮಾಡಿದವರನ್ನು ಪ್ರಶ್ನಿಸುವ ಅಧಿಕಾರ ಇರಲೇಬೇಕು. ಅದರ ದುರ್ಬಳಕೆಯನ್ನು ಪ್ರಶ್ನಿಸಲು, ಮೇಲಧಿಕಾರಿಯನ್ನು ದಾಟಿ ನೇರವಾಗಿ ದೂರು ಪಡೆಯುವ ಸಮಿತಿಯೊಂದು ಪ್ರತಿ ಜಿಲ್ಲೆಯಲ್ಲೂ ಬೇಕು. ಅದು ಒಂದು ನೋಟಿಸನ್ನಷ್ಟೇ ನೋಡದೆ, ಒಂದು ವರ್ಷದ ನೋಟಿಸುಗಳನ್ನೂ ತಿರಸ್ಕೃತ ರಜೆಗಳನ್ನೂ ಒಟ್ಟಿಗೆ ಇಟ್ಟು ನೋಡಲಿ. ಸತ್ಯ ಅಲ್ಲಿ ತಾನಾಗಿಯೇ ಓದಿಸಿಕೊಳ್ಳುತ್ತದೆ.