ಕಾರ್ಡಿನ ತೂತು, ಗಾಂಧಾರದ ತೂಗಾಟ

ಚಳ್ಳಕೆರೆ ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ನಾಟಕಗಳಿಗೆ, ಭಾವಗೀತೆಗಳಿಗೆ ರಾಗ ಹಾಕುತ್ತಲೇ ತಲೆ ನರೆತವರು. ಹಾರ್ಮೋನಿಯಂ ಬಿಟ್ಟು ಕೀಬೋರ್ಡಿಗೆ ಬಂದರು, ಅಲ್ಲಿಂದ ಕಂಪ್ಯೂಟರಿಗೆ. ಒಂದು ಸಾಫ್ಟ್‌ವೇರ್ ಕೈಗೆ ಒಗ್ಗುವಷ್ಟರಲ್ಲಿ ಇನ್ನೊಂದು ಬಂತು. ಈಗ ನಾಲ್ಕು ಸಾಲು ಟೈಪ್ ಮಾಡಿದರೆ ಎಐ ಇಡೀ ಹಾಡನ್ನೇ ಕಟ್ಟಿಕೊಡುತ್ತದೆ. ಆದರೆ ಉರುಮೆ ಬೇಕೆಂದರೆ ಯಾವುದೋ ಡೋಲು ಬಾರಿಸುತ್ತದೆ. ತೋಡಿ ರಾಗದ ಗಾಂಧಾರವನ್ನು ಸ್ವಲ್ಪ ತಿದ್ದು ಎಂದರೆ ಹಾಡನ್ನೇ ಬದಲಾಯಿಸಿಬಿಡುತ್ತದೆ. "ನಮ್ಮ ಕುದಾಪುರದ ಬಯಲಲ್ಲಿ ಇಸ್ರೋದ ವಿಮಾನ ತಾನೇ ತಾನಾಗಿ ಇಳೀತದೆ, ಇದಕ್ಕೆ ಒಂದು ಗಾಂಧಾರ ತಿಳಿಯಲ್ವೆ?" ಎಂಬುದು ಅವರ ತಕರಾರು.

ವಿಮಾನದ ಮಾತನ್ನು ಮೊದಲು ಮುಗಿಸೋಣ. 2023ರ ಏಪ್ರಿಲ್ 2ರಂದು ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದ ಮರುಬಳಕೆ ವಾಹನವನ್ನು ಹೆಲಿಕಾಪ್ಟರು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಯಾರ ಕೈಯೂ ಇಲ್ಲದೆ ಓಡುದಾರಿಗೆ ಬಂದು ಇಳಿಯಿತು. ಅಲ್ಲಿ ಗುರಿ ಒಂದೇ. ಎಷ್ಟು ಮೀಟರ್ ತಪ್ಪಿತು ಎಂದು ಅಳೆಯಬಹುದು, ಅಳೆದು ತಿದ್ದಬಹುದು. ತೋಡಿಯ ಗಾಂಧಾರ ಎಲ್ಲಿ ಇಳಿಯಬೇಕು? ಅದು ಇಳಿಯುವುದೇ ಇಲ್ಲ. ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತಲೇ ಇರುತ್ತದೆ, ಆ ತೂಗಾಟಕ್ಕೇ ನಾವು ಗಾಂಧಾರ ಎನ್ನುತ್ತೇವೆ.

ಇಂಥ ಪ್ರಶ್ನೆಗೆ "ಯಂತ್ರಕ್ಕೆ ಆತ್ಮವಿಲ್ಲ" ಎಂಬ ಸಿದ್ಧ ಉತ್ತರ ಒಂದಿದೆ. ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ತಿಳಿವಳಿಕೆ ಒಂದಿಂಚೂ ಹೆಚ್ಚುವುದಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಾಗ ಕೊಟ್ಟ ಕಾರಣ ಇದಕ್ಕಿಂತ ಗಟ್ಟಿಯಾಗಿತ್ತು: ಅದರ ಮನೆಗಳು ಸ್ಥಿರ, ಎರಡು ಮನೆಗಳ ನಡುವಿನ ಜಾರು ಅದರಲ್ಲಿ ನುಡಿಯುವುದಿಲ್ಲ. ನಿಷೇಧ ಸರಿಯೋ ತಪ್ಪೋ, ಮೂರು ದಶಕ ನಡೆಯಿತು. ಕಾರಣವಂತೂ ಭೌತಶಾಸ್ತ್ರದ್ದು. ಒಂದು ಸಲಕರಣೆ ಸಂಗೀತವನ್ನು ಯಾವ ತುಣುಕುಗಳಾಗಿ ಕತ್ತರಿಸಿ ನೋಡುತ್ತದೆ ಎಂಬುದೇ ಅಲ್ಲಿನ ಪ್ರಶ್ನೆ. ಸಾಫ್ಟ್‌ವೇರ್‌ಗೂ ಎಐಗೂ ಅದನ್ನೇ ಕೇಳಬೇಕು.

ಇದಕ್ಕೆ ಮೊಳಕಾಲ್ಮೂರಿಗೆ ಹೋಗುವುದೇ ಒಳ್ಳೆಯದು. ಅಲ್ಲಿನ ರೇಷ್ಮೆ ಸೀರೆಯ ಮಗ್ಗ ನೋಡಿದವರಿಗೆ ಮಗ್ಗದ ತಲೆಯ ಮೇಲೆ ಕೂತ ಜಕಾರ್ಡ್ ನೆನಪಿರುತ್ತದೆ. ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಒಂದಕ್ಕೊಂದು ದಾರದಲ್ಲಿ ಹೊಲಿದು ಮಾಲೆಯ ಹಾಗೆ ಇಳಿಬಿಟ್ಟಿರುತ್ತಾರೆ. ನೇಕಾರ ಒಮ್ಮೆ ತುಳಿದರೆ ಒಂದು ಕಾರ್ಡು ಸರಿಯುತ್ತದೆ. ತೂತಿದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಅದರೊಂದಿಗೆ ಹಾಸಿನ ಎಳೆಯೂ ಏಳುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ನಡುವಿನ ಸಂದಿಯಲ್ಲಿ ಹೊಕ್ಕು ಹಿಡಿದ ಲಾಳಿ ಓಡುತ್ತದೆ. ಸೆರಗಿನ ನವಿಲು ಯಾವ ಕಾರ್ಡಿನಲ್ಲಿದೆ ಎಂದು ಹುಡುಕಿದರೆ ಸಿಗದು. ಅಲ್ಲಿರುವುದು ಈ ಎಳೆ ಏಳಲಿ, ಆ ಎಳೆ ಬೇಡ ಎಂಬ ಹೌದು-ಇಲ್ಲಗಳ ಸಾಲು ಮಾತ್ರ.

ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ ತನ್ನ ಯಂತ್ರವನ್ನು ರೂಪಿಸಿದ್ದು 1804ರಲ್ಲಿ. ಆದರೆ ತೂತಿನ ಉಪಾಯ ಅವನದ್ದಲ್ಲ. ಅದೇ ಊರಿನ ಬಜೀಲ್ ಬುಶೋನ್ 1725ರಲ್ಲೇ ತೂತು ಹೊಡೆದ ಕಾಗದದ ಸುರುಳಿಯನ್ನು ಮಗ್ಗಕ್ಕೆ ಜೋಡಿಸಿದ್ದ. ಈ ಬುಶೋನ್ ಯಾರ ಮಗ ಗೊತ್ತೆ? ಆರ್ಗನ್ ವಾದ್ಯ ತಯಾರಿಸುವವನ ಮಗ. ತಾನಾಗಿ ನುಡಿಯುವ ಆರ್ಗನ್ನುಗಳ ಒಳಗೆ ಮೊಳೆ ಹೊಡೆದ ಉರುಳೆ ತಿರುಗುತ್ತಿತ್ತು. ಮೊಳೆ ತಾಗಿದಾಗ ಸ್ವರ. ಹೀಗೆ ಸಂಗೀತದ ಮನೆಯಿಂದ ಹೊರಟ ಉಪಾಯ ನೇಕಾರರ ಮನೆ ಸೇರಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಾನಾಗಿ ನುಡಿಯುವ ಪಿಯಾನೋ ಬಂದಾಗ ತೂತಿನ ಸುರುಳಿ ಮರಳಿ ಸಂಗೀತಕ್ಕೆ ಬಂತು. ಇವತ್ತಿಗೂ ಹೆಚ್ಚಿನ ಸಂಗೀತ ಸಾಫ್ಟ್‌ವೇರ್‌ಗಳಲ್ಲಿ ಸ್ವರಗಳನ್ನು ಪುಟ್ಟ ಪಟ್ಟಿಗಳಾಗಿ ಜೋಡಿಸುವ ಆ ಕಿಟಕಿಯ ಹೆಸರು ಪಿಯಾನೋ ರೋಲ್ ಎಂದೇ.

ನಡುವೆ ಇನ್ನೊಬ್ಬರಿದ್ದಾರೆ, ಅವರನ್ನು ದಾಟಿ ಹೋಗಲು ಮನಸ್ಸಾಗದು. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಜಕಾರ್ಡಿನ ಕಾರ್ಡುಗಳನ್ನೇ ಎರವಲು ಪಡೆದ. ಆ ಯಂತ್ರದ ಕುರಿತು 1843ರಲ್ಲಿ ಟಿಪ್ಪಣಿ ಬರೆದ ಏಡಾ ಲವ್‌ಲೇಸ್, ಮಗ್ಗ ಹೂವು-ಎಲೆ ನೇಯುವಂತೆ ಇದು ಬೀಜಗಣಿತ ನೇಯುತ್ತದೆ ಎಂದಳು. ಸ್ವರಗಳ ನಡುವಿನ ಸಂಬಂಧವನ್ನು ನಿಯಮಗಳಾಗಿ ಹೇಳಲು ಸಾಧ್ಯವಾದರೆ ಇಂಥ ಯಂತ್ರ ಸಂಗೀತವನ್ನೂ ರಚಿಸೀತು ಎಂದೂ ಊಹಿಸಿದಳು. ಯಂತ್ರ ಪೂರ್ತಿಯಾಗಿ ಕಟ್ಟಿಯೇ ಇರಲಿಲ್ಲ! ಎಐ ಸಂಗೀತವನ್ನು ಮೊನ್ನೆ ಮೊನ್ನೆ ಹುಟ್ಟಿದ ಪವಾಡದಂತೆ ಮಾರುವವರು ಈ ಟಿಪ್ಪಣಿಯನ್ನು ಓದಿರಲಾರರು.

ತೂತಿನ ವಂಶದ ಕೊನೆಯ ಕುಡಿ ಮಿಡಿ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದೇ ಭಾಷೆ ಮಾತಾಡತೊಡಗಿದವು. ಈ ಭಾಷೆಯಲ್ಲಿ 0ಯಿಂದ 127ರವರೆಗೆ ಸ್ವರಗಳ ಸಂಖ್ಯೆ. ಒತ್ತಿದ್ದು ಯಾವಾಗ, ಬಿಟ್ಟಿದ್ದು ಯಾವಾಗ, ಎಷ್ಟು ಜೋರು, ಮುಖ್ಯವಾಗಿ ಇಷ್ಟೇ. ಎರಡು ಮನೆಗಳ ನಡುವೆ ಜಾರಲು ಪಿಚ್ ಬೆಂಡ್ ಎಂಬ ಚಕ್ರವನ್ನೂ ಇಟ್ಟರು, 16,384 ಹಂತಗಳ ಸೂಕ್ಷ್ಮತೆಯೊಂದಿಗೆ. ಆದ್ದರಿಂದ ಮಿಡಿಯಲ್ಲಿ ಗಮಕ, ಅಂದರೆ ಸ್ವರದ ಈ ತೂಗಾಟ, ಬರುವುದೇ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ಬರುತ್ತದೆ, ಆದರೆ ಮೊದಲು ಸ್ವರ, ಆಮೇಲೆ ಅದಕ್ಕೆ ಹಚ್ಚಿದ ಅಲುಗಾಟ. ತೋಡಿಯಲ್ಲಿ ತೂಗಾಟವೇ ಸ್ವರ. ಸಾಲದ್ದಕ್ಕೆ ಆ ಚಕ್ರ ತಿರುಗಿಸಿದರೆ ಅದೇ ಚಾನೆಲ್ಲಿನ ಎಲ್ಲ ಸ್ವರಗಳೂ ಒಟ್ಟಿಗೆ ವಾಲುತ್ತವೆ. ಪ್ರತಿ ಸ್ವರವನ್ನೂ ಬೇರೆಬೇರೆಯಾಗಿ ಬಾಗಿಸುವ ಏರ್ಪಾಡು ಅಧಿಕೃತವಾಗಿ ಬರಲು 2018 ಆಗಬೇಕಾಯಿತು.

ಅದೇ 1983ರಲ್ಲಿ ಯಮಾಹಾದ ಡಿಎಕ್ಸ್-7 ಕೀಬೋರ್ಡೂ ಬಂತು. ಎಂಬತ್ತರ ದಶಕದ ಹಾಡುಗಳಲ್ಲಿ ಗಾಜಿನ ಗಂಟೆಯಂಥ ಆ ಸದ್ದು ಕೇಳದ ಕಿವಿಯಿಲ್ಲ. ಅದರ ಮೂಲ ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ 1967ರಲ್ಲಿ ಮಾಡಿದ ಒಂದು ಆಟ. ಕಂಪ್ಯೂಟರಿನ ಸ್ವರವೊಂದಕ್ಕೆ ಕಂಪನ ಕೊಟ್ಟು, ಅದರ ವೇಗ ಹೆಚ್ಚಿಸುತ್ತ ಹೋದ. ಸೆಕೆಂಡಿಗೆ ಐದಾರು ಸಲ ಅಲುಗಿದಾಗ ಅಲುಗಾಟ ಕೇಳಿಸಿತು. ವೇಗ ಇಪ್ಪತ್ತು-ಮೂವತ್ತನ್ನು ಮೀರಿ ನೂರಾರಕ್ಕೆ ಹೋದಾಗ ಕಿವಿ ಅಲುಗಾಟವನ್ನು ಗುರುತಿಸುವುದನ್ನೇ ಬಿಟ್ಟಿತು. ಅದರ ಬದಲು ಹೊಸದೊಂದು ನಾದ ಹುಟ್ಟಿತು. ಒಂದೇ ಅಲುಗಾಟ ನಿಧಾನವಿದ್ದರೆ ಗಮಕ, ಅತಿವೇಗವಾದರೆ ವಾದ್ಯದ ಬಣ್ಣ!

ನಮ್ಮಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳ ಈ ಬದಲಾವಣೆಯನ್ನು ಎರಡು ತುದಿಯಿಂದ ಹಿಡಿದವರಿದ್ದಾರೆ. ಬೆಂಗಳೂರಿನಲ್ಲಿ ಎಚ್ಎಎಲ್‌ನಲ್ಲಿದ್ದ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರ ರಾಡೆಲ್ ಪೆಟ್ಟಿಗೆಗಳು ಈಗ ಸಂಗೀತದ ಮನೆ ಮನೆಯಲ್ಲಿವೆ. ಶ್ರುತಿ ಅಲುಗಾಡದೆ ನಿಲ್ಲಬೇಕಾದ ವಸ್ತು. ಯಂತ್ರಕ್ಕೆ ಒಪ್ಪಿಸಲು ಅದಕ್ಕಿಂತ ತಕ್ಕದ್ದು ಇನ್ನೊಂದಿಲ್ಲ, ಹಾಗಾಗಿ ಯಾರೂ ಹೆಚ್ಚು ದಿನ ಜಗಳವಾಡಲಿಲ್ಲ. ಇನ್ನೊಂದು ತುದಿಯಲ್ಲಿ ಹಂಸಲೇಖ. 1987ರ 'ಪ್ರೇಮಲೋಕ'ದ ತುಂಬ ಕೀಬೋರ್ಡಿನ, ಎಲೆಕ್ಟ್ರಾನಿಕ್ ತಾಳದ ಸದ್ದು. ಅದೇ ಕೈ 1995ರ 'ಗಾನಯೋಗಿ ಪಂಚಾಕ್ಷರಿ ಗವಾಯಿ'ಯಲ್ಲಿ ರಾಗಗಳ ಒಳಕ್ಕಿಳಿದು ರಾಷ್ಟ್ರಪ್ರಶಸ್ತಿ ತಂದಿತು, ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಪ್ರಶಸ್ತಿ ಬಂತು. ಯಾವ ಹಾಡಿನಲ್ಲಿ ಸ್ವರವನ್ನು ಪೆಟ್ಟಿಗೆಗೆ ಒಪ್ಪಿಸಬಹುದು, ಯಾವುದರಲ್ಲಿ ಕಂಠವನ್ನೇ ನಂಬಬೇಕು ಎಂಬ ತಿಳಿವು ಇದು. ಹೊಸ ಸಲಕರಣೆಗೆ ಒಗ್ಗಿಕೊಳ್ಳುವುದೆಂದರೆ ನನ್ನ ಮಟ್ಟಿಗೆ ಇಷ್ಟೇ. ಯಾವ ಗುಂಡಿ ಎಲ್ಲಿದೆ ಎಂಬುದನ್ನು ಮೊಮ್ಮಕ್ಕಳು ಹೇಳಿಕೊಟ್ಟಾರು.

ಈಗ ಎಐ. ಇಲ್ಲಿ ತೂತಿನ ವಂಶ ಮುರಿಯುತ್ತದೆ. ಮೆಟಾ ಕಂಪನಿ 2023ರಲ್ಲಿ ಬಿಟ್ಟ ಮ್ಯೂಸಿಕ್‌ಜೆನ್ ವಿವರಗಳನ್ನು ಪ್ರಕಟಿಸಿದೆ, ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದಕ್ಕೆ ಸರಿಗಮ ತಿಳಿಯದು, ತಾಳವೂ ತಿಳಿಯದು. ಧ್ವನಿಯನ್ನು ಸೆಕೆಂಡಿಗೆ 50 ಚೂರುಗಳಾಗಿ ಕತ್ತರಿಸಿ, ಪ್ರತಿ ಚೂರಿಗೂ ನಾಲ್ಕು ಸಂಕೇತ ಕೊಡುತ್ತದೆ. ಒಂದೊಂದು ಸಂಕೇತವೂ 2,048 ಸಾಧ್ಯತೆಗಳಲ್ಲಿ ಒಂದು. ಈ ಸಂಕೇತಗಳಾದ ಮೇಲೆ ಯಾವುದು ಬಂದೀತು ಎಂದು ಊಹಿಸುವುದನ್ನು ಅದು 20,000 ಗಂಟೆಗಳ ಸಂಗೀತ ಕೇಳಿ ಕಲಿತಿದೆ. ಊಹಿಸಿದ ಸಂಕೇತಗಳನ್ನು ಮತ್ತೆ ಧ್ವನಿಯಾಗಿಸಿದರೆ ಹಾಡು.

ಇಲ್ಲೊಂದು ಮಜಾ ಇದೆ. ಗಮಕ ತೂಗುವುದು ಸೆಕೆಂಡಿಗೆ ಕೆಲವೇ ಸಲ. ಐವತ್ತು ಚೂರುಗಳಲ್ಲಿ ಅದರ ಏರಿಳಿತ ಸಲೀಸಾಗಿ ಹಿಡಿಸುತ್ತದೆ. ಮನೆಗಳಿಲ್ಲವಾದ್ದರಿಂದ ಮನೆಗೆ ಎಳೆದು ಕೂರಿಸುವ ಒತ್ತಾಯವೂ ಇಲ್ಲ. ಅಂದರೆ ಹಾರ್ಮೋನಿಯಂ, ಮಿಡಿಗಳ ಮೇಲಿದ್ದ ಹಳೆಯ ಆರೋಪ ಎಐ ಮೇಲೆ ನಿಲ್ಲುವುದಿಲ್ಲ! ಮಿಡಿಗೆ ಸ್ವರ ಗೊತ್ತಿತ್ತು, ನಡುವಿನ ಜಾರು ಆಮೇಲೆ ಹಚ್ಚಿದ್ದಾಗಿತ್ತು. ಎಐಗೆ ಜಾರು ಸಿಗುತ್ತದೆ, ಸ್ವರ ಗೊತ್ತಿಲ್ಲ. ನಮ್ಮ ಓದುಗರ ತೊಂದರೆ ಹುಟ್ಟುವುದೇ ಇಲ್ಲಿ. ಪಿಯಾನೋ ರೋಲ್‌ನಲ್ಲಿ ಎರಡನೆಯ ಸಾಲಿನ ಮೂರನೆಯ ಪಟ್ಟಿಯನ್ನು ಹಿಡಿದು ಎಳೆಯಬಹುದಿತ್ತು. ಮಗ್ಗದಲ್ಲೂ ತಪ್ಪಿದ ಕಾರ್ಡೊಂದನ್ನು ತೆಗೆದು ಬೇರೆ ಹೊಲಿಯಬಹುದು. ಎಐ ಕಟ್ಟಿದ ಹಾಡಿನಲ್ಲಿ ಗಾಂಧಾರ ಎಂಬ ಬಿಡಿಭಾಗವೇ ಇಲ್ಲ, ಹಿಡಿಯುವುದು ಏನನ್ನು? ಮತ್ತೆ ಊಹಿಸು ಎನ್ನಬಹುದಷ್ಟೆ. ಹಾಡನ್ನು ಕಂಠ, ತಾಳ, ವಾದ್ಯಗಳಾಗಿ ಬಿಡಿಸಿಕೊಡುವ ಸಲಕರಣೆಗಳು ಬಂದಿವೆ, ಆದರೆ ಬಿಡಿಸಿದ ಕಂಠದೊಳಗಿನ ಒಂದು ಸ್ವರದವರೆಗೆ ಇಳಿಯಲು ಕಿವಿಯೂ ಕೈಯೂ ಬೇಕು.

ಉರುಮೆಯ ಕಥೆ ಬೇರೆ. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಮುಂದೆ ನುಡಿಯುವ ಈ ವಾದ್ಯದ ಒಂದು ಮುಖವನ್ನು ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಕೋಲು ಚರ್ಮಕ್ಕೆ ಅಂಟಿ ಜಾರಿ, ಅಂಟಿ ಜಾರಿ ಹೋಗುತ್ತದೆ; ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವ ಕೆಲಸವೇ ಇದು. ಒತ್ತಡ ಬದಲಾದಂತೆ ಗುರುಗುಟ್ಟುವ ನಾದ ಮೇಲೆ ಕೆಳಗೆ ಜಾರುತ್ತದೆ. ಎಐಗೆ ಇದನ್ನು ಕಲಿಯುವುದು ಕಷ್ಟವೇನಲ್ಲ, ಕಲಿಯುವಷ್ಟು ಉರುಮೆಯನ್ನು ಅದು ಕೇಳಿಲ್ಲ. ಕರ್ನಾಟಕ ಸಂಗೀತಕ್ಕಾದರೂ ಒಂದಿಷ್ಟು ಸಂಗ್ರಹವಿದೆ: ಬಾರ್ಸಿಲೋನಾದ ಷೇವಿಯರ್ ಸೆರ್ರಾ 2011ರಲ್ಲಿ ಆರಂಭಿಸಿದ ಕಾಂಪ್‌ಮ್ಯೂಸಿಕ್ ಯೋಜನೆಯಲ್ಲಿ ಐಐಟಿ ಮದ್ರಾಸಿನ ಹೇಮಾ ಮೂರ್ತಿಯಂಥವರೂ ಸೇರಿ ರಾಗ, ತಾಳಗಳ ಗುರುತು ಹಾಕಿದ ಧ್ವನಿಮುದ್ರಣಗಳನ್ನು ಕೂಡಿಹಾಕಿದರು. ಕುದಾಪುರದ ಅಮೃತಮಹಲ್ ಕಾವಲಿನಲ್ಲಿ ಸುಮಾರು 1,500 ಎಕರೆ ಪಡೆದ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಬೆಂಗಳೂರಿನ ಪ್ರಯೋಗಾಲಯದಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳಿಗೆ ಯಂತ್ರವಾಣಿ ಸಿದ್ಧಪಡಿಸುವ ಸಿಸ್ಪಿನ್ ಯೋಜನೆ ನಡೆಸಿದೆ. ಅದು ಮಾತಿನದು. ಹಟ್ಟಿಯ ಹಾಡಿಗೂ ಉರುಮೆಗೂ ಅಂಥದ್ದೊಂದು ನಡೆಯಬೇಕಾದರೆ ಕುದಾಪುರಕ್ಕಿಂತ ತಕ್ಕ ಜಾಗ ಯಾವುದು? ಕಾವಲು ಕೊಟ್ಟ ಊರಿಗೆ ಅಷ್ಟನ್ನು ಕೇಳುವ ಹಕ್ಕಿದೆ ಎಂದು ನನಗನ್ನಿಸುತ್ತದೆ.

ಹಾಗೆಂದು ಎಐ ಗದ್ದಲವನ್ನೆಲ್ಲ ನಂಬಬೇಕಿಲ್ಲ. 2025ರಲ್ಲಿ 'ಲವ್ ಯು' ಎಂಬ ಕನ್ನಡ ಚಿತ್ರ, ದೃಶ್ಯವೂ ಹಾಡೂ ಎಲ್ಲ ಎಐಯದೇ ಎಂಬ ಪ್ರಚಾರದೊಂದಿಗೆ ಬಂತು. ಹಾಡಿನ ಗುಣದ ಬಗ್ಗೆ ಕೇಳಿದ್ದಕ್ಕಿಂತ ಖರ್ಚು ಎಷ್ಟು ಕಡಿಮೆ ಎಂಬುದನ್ನೇ ಹೆಚ್ಚು ಕೇಳಿದೆವು. ಕಂಠದ ಕಥೆ ಇದಕ್ಕಿಂತ ಗಂಭೀರ. 'ಲಾಲ್ ಸಲಾಂ' ಚಿತ್ರದ ಹಾಡೊಂದಕ್ಕೆ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ಧ್ವನಿಯನ್ನು ಎಐಯಿಂದ ಬರಿಸಿದರು. ಮನೆಯವರ ಒಪ್ಪಿಗೆ ಪಡೆದು ಹಣ ಕೊಟ್ಟಿದ್ದಾಗಿ 2024ರಲ್ಲಿ ತಿಳಿಸಿದರು. ಅದೇ ವರ್ಷ ಎಸ್‌ಪಿಬಿ ಧ್ವನಿಯನ್ನು ಕೇಳದೆ ಬಳಸಿದರೆಂದು ಅವರ ಮಗ ತೆಲುಗು ಚಿತ್ರವೊಂದರ ತಂಡಕ್ಕೆ ನೋಟಿಸು ಕಳಿಸಿದರು. ಅಮೆರಿಕದ ದೊಡ್ಡ ಧ್ವನಿಮುದ್ರಣ ಕಂಪನಿಗಳು ಸುನೋ, ಯುಡಿಯೊ ಎಂಬ ಎಐ ಹಾಡಿನ ಸೇವೆಗಳ ಮೇಲೆ ದಾವೆ ಹೂಡಿದ್ದೂ 2024ರಲ್ಲೇ. ಆ ಕಂಪನಿಗಳಲ್ಲಿ ಕೆಲವು ಮರುವರ್ಷ ರಾಜಿಯಾಗಿ, ವ್ಯಾಪಾರದ ಒಪ್ಪಂದ ಮಾಡಿಕೊಂಡವು.

ಒಪ್ಪಿಗೆಯ ಈ ಪ್ರಶ್ನೆ ನಮ್ಮ ಹಟ್ಟಿಗಳಿಗೂ ಬರುತ್ತದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನಾಲಗೆಯ ಮೇಲಿಟ್ಟುಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು, ಅಜ್ಜಿಯ ಪದಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದರು. ನಮ್ಮ ಕಾಯಿದೆಯ ಪ್ರಕಾರ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ 50 ವರ್ಷ ಹಕ್ಕಿರುತ್ತದೆ. ತಲೆಮಾರುಗಳಿಂದ ಬಂದ ಹಟ್ಟಿಯ ಪದಕ್ಕೆ ಅಂಥ ಒಡೆಯರಿಲ್ಲ. ನಾಳೆ ಉರುಮೆಯನ್ನೂ ಪದವನ್ನೂ ಸಾವಿರ ಗಂಟೆ ಮುದ್ರಿಸಿ ಯಂತ್ರಕ್ಕೆ ಉಣಿಸುವುದಾದರೆ ಮೊದಲು ಯಾರ ಒಪ್ಪಿಗೆ ಕೇಳಬೇಕು, ಹಣ ಬಂದರೆ ಯಾವ ಹಟ್ಟಿಗೆ ಹೋಗಬೇಕು ಎಂಬುದನ್ನು ಮೈಕು ಹಚ್ಚುವ ಮೊದಲೇ ಬರೆದಿಟ್ಟುಕೊಳ್ಳಬೇಕಾಗುತ್ತದೆ.