ಉತ್ತರ ಬಾರದಿದ್ದರೆ? ಜಾಲದ ಕಡತಗಳ ದೋಷಶೋಧನೆ

ದೂರದ ಊರಿನಲ್ಲಿರುವ ಮಿತ್ರನಿಗೆ ನಾವು ಕಾಗದ ಬರೆದೆವೆಂದು ಭಾವಿಸೋಣ. ಹದಿನೈದು ದಿನ ಕಳೆದರೂ ಉತ್ತರವಿಲ್ಲ. ಕಾಗದವು ದಾರಿಯಲ್ಲಿಯೇ ಕಳೆದುಹೋಯಿತೆ? ಮಿತ್ರನು ಊರಿನಲ್ಲಿಲ್ಲವೆ? ಅಥವಾ ಅವನು ಬರೆದ ಉತ್ತರವೇ ನಮ್ಮನ್ನು ತಲುಪಲಿಲ್ಲವೆ? ಇವುಗಳಲ್ಲಿ ಯಾವುದು ನಡೆದಿದ್ದರೂ ನಮಗೆ ದೊರೆಯುವುದು ಒಂದೇ: ಮೌನ. ಗಣಕಯಂತ್ರಗಳ ಜಾಲದಲ್ಲಿಯೂ ಇದೇ ತೊಡಕುಂಟು.

ಬೇರೊಂದು ಯಂತ್ರದಲ್ಲಿರುವ ಕಡತಗಳನ್ನು ನಮ್ಮ ಗಣಕದಲ್ಲಿಯೇ ಇರುವಂತೆ ಬಳಸಲು ಅನುವು ಮಾಡಿಕೊಡುವ ಏರ್ಪಾಡಿಗೆ ಜಾಲ ಕಡತವ್ಯವಸ್ಥೆ ಎಂದು ಹೆಸರು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರಲ್ಲಿ ರೂಪಿಸಿದ ಎನ್.ಎಫ್.ಎಸ್. ಇವುಗಳಲ್ಲಿ ಪ್ರಸಿದ್ಧವಾದುದು. ಇಲ್ಲಿ ಪ್ರತಿಯೊಂದು ಓದು ಬರಹವೂ ಸರ್ವರ್ ಎಂಬ ಆ ಯಂತ್ರಕ್ಕೆ ಕಳುಹಿಸುವ ಒಂದು ಕೋರಿಕೆ. ಗೊತ್ತಾದ ಅವಧಿಯೊಳಗೆ ಉತ್ತರ ಬಾರದಿದ್ದರೆ ಅದನ್ನು ಟೈಮ್‌ಔಟ್ ಎನ್ನುತ್ತೇವೆ. ಲಿನಕ್ಸ್‌ನಲ್ಲಿ, ಟಿ.ಸಿ.ಪಿ. ಸಂಪರ್ಕಕ್ಕೆ, ಈ ಅವಧಿಯು ಸಾಮಾನ್ಯವಾಗಿ 60 ಸೆಕೆಂಡು.

ಅವಧಿ ಮೀರಿದ ಮೇಲೆ ಮಾಡುವುದೇನು? ಇದಕ್ಕೆ ಎರಡು ಮಾರ್ಗಗಳಿವೆ. ‘ಹಾರ್ಡ್’ ಎಂಬ ಕ್ರಮದಲ್ಲಿ ಗಣಕವು ಸರ್ವರ್ ಎಚ್ಚರಗೊಳ್ಳುವವರೆಗೂ ಕೇಳುತ್ತಲೇ ಇರುತ್ತದೆ. ನಮ್ಮ ಕೆಲಸವು ನಿಂತಲ್ಲಿಯೇ ನಿಲ್ಲುತ್ತದೆ. ‘ಸಾಫ್ಟ್’ ಕ್ರಮದಲ್ಲಿ ಅದು ಕೆಲವು ಸಲ ಪ್ರಯತ್ನಿಸಿ, ದೋಷವೆಂದು ವರದಿ ಮಾಡಿ, ಕೈಬಿಡುತ್ತದೆ. ಬಿಡುಗಡೆಯೇನೋ ಬೇಗ ದೊರೆಯಿತು. ಆದರೆ ಆ ವರದಿಯನ್ನು ನಮ್ಮ ಪ್ರೋಗ್ರಾಂ ಲಕ್ಷಿಸದೆ ಹೋದರೆ, ತಿಂಗಳುಗಟ್ಟಲೆ ಶ್ರಮಿಸಿದ ಪ್ರಯೋಗದ ಅಂಕಿಗಳು ಅರ್ಧ ಬರೆದ ಕಡತದಲ್ಲಿಯೇ ಉಳಿದುಬಿಡಬಹುದು! ಆದುದರಿಂದ ಬರೆಯುವ ಕೆಲಸಕ್ಕೆ ಹಾರ್ಡ್ ಕ್ರಮವೇ ಕ್ಷೇಮಕರ.

ಅವಧಿಯನ್ನು ಹೆಚ್ಚಿಸಿದರೆ ಸಾಲದೆ ಎಂದು ವಾಚಕರು ಕೇಳಬಹುದು. ಸರ್ವರ್ ಕೇವಲ ನಿಧಾನವಾಗಿದ್ದರೆ ಅದರಿಂದ ಪ್ರಯೋಜನವುಂಟು. ದಾರಿಯೇ ಮುಚ್ಚಿದ್ದರೆ ಕಾಯುವ ಹೊತ್ತು ಮಾತ್ರ ಬೆಳೆಯುತ್ತದೆ. ಮೊದಲು ಮಾಡಬೇಕಾದುದು ಮೌನದ ಕಾರಣಗಳನ್ನು ಒಂದೊಂದಾಗಿ ಬೇರ್ಪಡಿಸುವುದು.

ತೊಂದರೆಯು ಯಾರಿಗೆಲ್ಲ ಆಗಿದೆಯೆಂಬುದೇ ಮೊದಲನೆಯ ಪ್ರಶ್ನೆ. ಎಲ್ಲ ಗಣಕಗಳೂ ಒಮ್ಮೆಲೇ ನಿಂತಿದ್ದರೆ ಸರ್ವರನ್ನೋ ಎಲ್ಲಕ್ಕೂ ಸಮಾನವಾದ ದಾರಿಯನ್ನೋ ಶಂಕಿಸಬೇಕು. ಒಂದೇ ನಿಂತಿದ್ದರೆ ಆ ಗಣಕವನ್ನು, ಅದರ ತಂತಿಯನ್ನು ನೋಡಬೇಕು. ಕಡತಗಳನ್ನು ತುಂಡುಮಾಡಿ ಅನೇಕ ಯಂತ್ರಗಳಲ್ಲಿ ಹಂಚಿಡುವ ವ್ಯವಸ್ಥೆಗಳೂ ಇವೆ. ಅಲ್ಲಿ ಕೆಲವೇ ಕಡತಗಳು ತೆರೆಯದಿದ್ದರೆ ಯಾವುದೋ ಒಂದು ಯಂತ್ರವು ಮೂಕವಾಗಿರಬಹುದು.

ಬಳಿಕ ಸರ್ವರಿನ ಹೆಸರಿಗೆ ಸರಿಯಾದ ವಿಳಾಸವು ದೊರೆಯುವುದೇ ಎಂದೂ, ಆ ವಿಳಾಸವು ‘ಪಿಂಗ್’ಗೆ ಓಗೊಡುವುದೇ ಎಂದೂ ನೋಡುತ್ತೇವೆ. ಅನಂತರ ಎನ್.ಎಫ್.ಎಸ್. ಬಳಸುವ 2049ನೆಯ ಪೋರ್ಟನ್ನು ತಟ್ಟುತ್ತೇವೆ. ಕೂಡಲೇ ನಿರಾಕರಣೆ ಬಂದರೆ ಅದೂ ಒಂದು ಸಮಾಚಾರವೇ: ಯಂತ್ರವು ಜೀವಂತವಾಗಿದೆ, ಸೇವೆ ಮಾತ್ರ ನಡೆಯುತ್ತಿಲ್ಲವೆಂದು ಸಾಮಾನ್ಯವಾಗಿ ಊಹಿಸಬಹುದು. ಪಿಂಗ್‌ಗೆ ಉತ್ತರ ಬಂದು ಇಲ್ಲಿ ಏನೂ ಬಾರದಿದ್ದರೆ, ನಡುವಣ ಫೈರ್‌ವಾಲ್ ನಮ್ಮ ಕೋರಿಕೆಯನ್ನು ಸದ್ದಿಲ್ಲದೆ ನುಂಗುತ್ತಿರಬಹುದು.

ಎಲ್ಲಕ್ಕಿಂತ ಮೋಸಗೊಳಿಸುವ ದೋಷ ಇನ್ನೊಂದಿದೆ. ಪಿಂಗ್‌ಗೆ ಉತ್ತರ ಬರುತ್ತದೆ, ಕಡತಗಳ ಪಟ್ಟಿಯೂ ಕಾಣುತ್ತದೆ. ದೊಡ್ಡ ಕಡತವನ್ನು ತೆರೆದೊಡನೆ ಎಲ್ಲವೂ ಸ್ತಬ್ಧ. ಈಥರ್‌ನೆಟ್ ಜಾಲದಲ್ಲಿ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ ಸಾಮಾನ್ಯವಾಗಿ 1500 ಬೈಟು. ವೇಗಕ್ಕಾಗಿ ಇದನ್ನು 9000ಕ್ಕೆ ಏರಿಸುವುದುಂಟು. ಎರಡು ತುದಿಗಳನ್ನೂ ಹೀಗೆ ಏರಿಸಿ ನಡುವಣ ಸ್ವಿಚ್ಚನ್ನು ಹಳೆಯ ಮಿತಿಯಲ್ಲಿಯೇ ಬಿಟ್ಟರೆ, ಚಿಕ್ಕ ಪ್ಯಾಕೆಟ್ಟುಗಳು ದಾಟುತ್ತವೆ, ದೊಡ್ಡವು ಮಾಯವಾಗುತ್ತವೆ. ಒಡೆಯಬಾರದೆಂದು ವಿಧಿಸಿದ ದೊಡ್ಡ ಪಿಂಗನ್ನು ಕಳುಹಿಸಿದರೆ ಗುಟ್ಟು ಬಯಲಾಗುತ್ತದೆ.

ಮೌನವು ತಾನಾಗಿ ಏನನ್ನೂ ಹೇಳುವುದಿಲ್ಲ. ಒಂದೊಂದು ಸಲಕ್ಕೆ ಒಂದೊಂದೇ ಪ್ರಶ್ನೆಯನ್ನು, ಹತ್ತಿರದಿಂದ ದೂರಕ್ಕೆ, ಚಿಕ್ಕದರಿಂದ ದೊಡ್ಡದಕ್ಕೆ ಕೇಳುತ್ತ ಹೋದರೆ ಮಾತ್ರ ಅದು ಬಾಯಿಬಿಡುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ವೈಜ್ಞಾನಿಕ ವಿಧಾನವೂ ಇದೇ ಅಲ್ಲವೆ?