ಸಡಿಲವಾಗಲೂ ಕಸುವು ಬೇಕು

1880ರ ದಶಕದ ಆರಂಭ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು, ಬರಿಯ ಉಪ್ಪುನೀರು ಹಾಯಿಸಿಯೇ ಅದು ಮಿಡಿಯುತ್ತದೆಂದು ನಂಬಿದ್ದರು. ಆಮೇಲೆ ತಿಳಿಯಿತು: ದ್ರಾವಣಕ್ಕೆ ಬಳಸಿದ್ದು ಭಟ್ಟಿ ಇಳಿಸಿದ ನೀರಲ್ಲ, ನ್ಯೂ ರಿವರ್ ಕಂಪನಿಯ ನಲ್ಲಿ ನೀರು. ಶುದ್ಧ ನೀರಿನ ದ್ರಾವಣದಲ್ಲಿ ಮಿಡಿತ ಕುಗ್ಗುತ್ತ ಹೋಗಿ ನಿಂತುಬಿಟ್ಟಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಇಷ್ಟು ದಿನ ಹೃದಯವನ್ನು ನಡೆಸಿತ್ತು. 1883ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಈ ಕಥೆಯ ಉತ್ತರಾರ್ಧವನ್ನು ಹೇಳುವವರು ಕಡಿಮೆ. ನನಗೆ ಅದೇ ಹೆಚ್ಚು ರುಚಿ. ಕ್ಯಾಲ್ಸಿಯಂ ಮಾತ್ರ ಬೆರೆಸಿದಾಗ ಹೃದಯ ಬಿಗಿಯಿತು, ಆದರೆ ಬೇಗ ಸಡಿಲಲಿಲ್ಲ. ಹದಕ್ಕೆ ಬರಲು ಪೊಟ್ಯಾಸಿಯಂ ಕೂಡ ಬೇಕಾಯಿತು.

ಬಿಗಿಯುವುದು ಹೀಗೆ: ವಿದ್ಯುತ್ ಸಂಕೇತ ಬಂದೊಡನೆ ಹೊರಗಿನಿಂದ ಚೂರು ಕ್ಯಾಲ್ಸಿಯಂ ಸ್ನಾಯುಕೋಶದೊಳಗೆ ನುಗ್ಗುತ್ತದೆ. ಅದು ಒಳಗಿನ ಭಂಡಾರದ ಬಾಗಿಲು ತೆರೆಸಿ ಇನ್ನಷ್ಟನ್ನು ಹೊರಡಿಸುತ್ತದೆ. ಕ್ಯಾಲ್ಸಿಯಂ ಟ್ರೊಪೋನಿನ್‌ ಎಂಬ ಪ್ರೋಟೀನಿಗೆ ಅಂಟಿದರೆ ಆಕ್ಟಿನ್ ಎಳೆಯ ಮೇಲಿನ ಅಡ್ಡಿ ಸರಿಯುತ್ತದೆ. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಆ ಎಳೆಯನ್ನು ಹಿಡಿದೆಳೆಯುತ್ತದೆ.

ಇನ್ನು ಸಡಿಲವಾಗುವುದೆಂದರೆ ವಿಶ್ರಾಂತಿ ಎಂದುಕೊಳ್ಳುತ್ತೇವೆ. ಹಾಗಲ್ಲ. ಹೊರಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ ಮಟ್ಟಕ್ಕೆ ಕೋಶದೊಳಗಿನ ಕ್ಯಾಲ್ಸಿಯಂ ಇಳಿಯಬೇಕು. ಅದನ್ನು ಭಂಡಾರಕ್ಕೆ ಮರಳಿ ತುಂಬುವುದು ಸರ್ಕಾ ಎಂಬ ಪಂಪು. ಬಾವಿಯಿಂದ ನೀರು ಸೇದಿದ ಹಾಗೆ, ಇದು ತಗ್ಗಿನಿಂದ ಮೇಲಕ್ಕೆ ಎತ್ತುವ ಕೆಲಸ. ಎರಡು ಕ್ಯಾಲ್ಸಿಯಂ ಅಯಾನುಗಳಿಗೆ ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು. ಮಯೋಸಿನ್ ತನ್ನ ಹಿಡಿತ ಬಿಡಲೂ ಹೊಸ ಎಟಿಪಿ ಬಂದು ಕೂರಬೇಕು. ಸತ್ತ ದೇಹ ಸೆಟೆದುಕೊಳ್ಳುವುದು ಈ ಎಟಿಪಿ ಮುಗಿದುಹೋಗಿರುವುದರಿಂದಲೇ.

ನಿಮಿಷಕ್ಕೆ 75 ಬಡಿತವಿದ್ದರೆ ಒಂದು ಬಡಿತಕ್ಕೆ 0.8 ಸೆಕೆಂಡು. ಅದರಲ್ಲಿ ಸುಮಾರು 0.5 ಸೆಕೆಂಡು ಸಡಿಲವಾಗಿ ತುಂಬಿಕೊಳ್ಳುವುದಕ್ಕೇ ಹೋಗುತ್ತದೆ. ಎಡ ಹೃತ್ಕುಕ್ಷಿಯ ಗೋಡೆಗೆ ರಕ್ತ ಹೆಚ್ಚಾಗಿ ಸಿಗುವುದೂ ಆಗಲೇ. ಓಡುವಾಗ ಮೊದಲು ಕಡಿತವಾಗುವುದು ಈ ಬಿಡುವು. ಆಗ ಅಡ್ರಿನಲಿನ್ ಪ್ರಭಾವದಿಂದ, ಸರ್ಕಾವನ್ನು ತಡೆಹಿಡಿದಿರುವ ಫಾಸ್ಫೊಲ್ಯಾಂಬಾನ್ ಎಂಬ ಪ್ರೋಟೀನು ಪಕ್ಕಕ್ಕೆ ಸರಿದು ಪಂಪು ಚುರುಕಾಗುತ್ತದೆ.

ಹೀಗೆ ಸಡಿಲವಾಗುವುದರಲ್ಲಿ ಎಡವಟ್ಟಾದರೆ ತೊಂದರೆ ಬೇಗ ಕಣ್ಣಿಗೆ ಬೀಳದು. ಹೃದಯ ವೈಫಲ್ಯವಿರುವವರಲ್ಲಿ ಸುಮಾರು ಅರ್ಧದಷ್ಟು ಜನರ ಹೃದಯ ರಕ್ತವನ್ನು ಒತ್ತಿ ಕಳಿಸುವ ಪ್ರಮಾಣ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಈ ಪ್ರಮಾಣ, ಅಂದರೆ ಇಎಫ್, ಶೇಕಡಾ 60 ಎಂದಿರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಇಂಥವರಲ್ಲಿ ಹಲವರ ಹೃದಯ ಗಟ್ಟಿಯಾಗಿದ್ದು, ಸಡಿಲವಾಗಲು ತಡಮಾಡುತ್ತದೆ. ಅದಕ್ಕೇ ಎಕೋ ಮಾಡುವವರು ಮಿಟ್ರಲ್ ಕವಾಟದ ಬುಡದ ಸ್ನಾಯು ಎಷ್ಟು ಬೇಗ ಹಿಂದೆ ಸರಿಯುತ್ತದೆಂಬುದನ್ನೂ ಸೆಕೆಂಡಿಗೆ ಇಷ್ಟು ಸೆಂಟಿಮೀಟರ್ ಎಂದು ಅಳೆದು ಬರೆಯುತ್ತಾರೆ.